ಡಬ್ಬಿಯಲ್ಲಿಟ್ಟ ಸಾಕ್ಷಿ

ಆ ಹಳೆಯ ಚಿತ್ರಮಂದಿರದಲ್ಲಿ ಅವನಿಗೆ ಆಪರೇಟರ್ ಎಂಬುದೇ ಹೆಸರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಇಪ್ಪತ್ತೆಂಟು ವರ್ಷ ಎರಡು ಯಂತ್ರಗಳ ನಡುವೆ ನಿಂತು ಕಾಲು ಸವೆಸಿದವನು. ಒಂದು ಯಂತ್ರದ ರೀಲು ಮುಗಿಯುವ ಮುನ್ನ ಪರದೆಯ ಮೂಲೆಯಲ್ಲಿ ಚುಕ್ಕಿ ಮಿಂಚುತ್ತದೆ. ಎರಡನೆಯ ಚುಕ್ಕಿಗೆ ಇನ್ನೊಂದು ಯಂತ್ರ ಕಥೆಯನ್ನು ಹಿಡಿದುಕೊಳ್ಳಬೇಕು. ತಪ್ಪಿದರೆ ಪರದೆ ಬೆಳ್ಳಗಾಗಿ ಕೆಳಗೆ ಶಿಳ್ಳೆ ಶುರುವಾಗುತ್ತದೆ. "ನನ್ನ ಕೈಲಿ ಪರದೆ ಒಂದು ದಿನವೂ ಬೆಳ್ಳಗಾಗಿಲ್ಲ" ಎಂದು ಯಾರೂ ಕೇಳದಿದ್ದರೂ ಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಆ ವಾರ ಮ್ಯಾಟಿನಿಗೆ ಒಂದು ಹಳೆಯ ಸಸ್ಪೆನ್ಸ್ ಚಿತ್ರ ಬಂದಿತ್ತು. ಮಗಳನ್ನು ಕೊಂದವರನ್ನು ಕೋರ್ಟು ಬಿಟ್ಟುಬಿಡುತ್ತದೆ. ಅಪ್ಪ ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೊರಡುತ್ತಾನೆ. ಮೊದಲ ದಿನವೇ ಗೇಟ್‌ಕೀಪರ್ ಮೆಟ್ಟಿಲು ಹತ್ತಿ ಬಂದ.

"ನಿಮ್ಮ ಭಾವ ಬಂದಿದಾರೆ. ಮಾತಾಡಿಸಿದ್ರೆ ಬರೀ ತಲೆ ಆಡಿಸಿದ್ರು."

ಆಪರೇಟರ್ ಕ್ಯಾಬಿನ್ನಿನ ಕಿಂಡಿಯಲ್ಲಿ ಬಗ್ಗಿ ನೋಡಿದ. ಭಾವ ಎಂದರೆ ಅಕ್ಕನ ಗಂಡ, ದರ್ಜಿ. ಆರು ವರ್ಷದಿಂದ ಈ ಕಟ್ಟಡದ ಕಡೆ ತಲೆ ಹಾಕಿರಲಿಲ್ಲ. ಕಾರಣ ಊರಿಗೆಲ್ಲ ಗೊತ್ತಿತ್ತು. ಭಾವನ ಒಬ್ಬಳೇ ಮಗಳು ಸೋದರಮಾವನಾದ ಇವನಿಗೆ ಊಟದ ಕ್ಯಾರಿಯರ್ ಹಿಡಿದು ಬರುತ್ತಿದ್ದಾಗ, ಇದೇ ಬೀದಿಯಲ್ಲಿ ಕಾರಿಗೆ ಸಿಕ್ಕು ಸತ್ತಳು. ಕಾರು ಚಿತ್ರಮಂದಿರದ ಮಾಲೀಕರದು. ಓಡಿಸುತ್ತಿದ್ದವನು ಮಾಲೀಕರ ಮಗನೆಂದು ಭಾವ, ಅಲ್ಲವೆಂದು ಅವರು. ಆ ಹೊತ್ತಿಗೆ ಹೊರಗಿನ ಕಬ್ಬಿಣದ ಮೆಟ್ಟಿಲ ಮೇಲೆ ನಿಂತಿದ್ದವನು ಆಪರೇಟರ್ ಒಬ್ಬನೇ. ಕಟಕಟೆಯಲ್ಲಿ ನಿಂತು "ನಾನು ನೋಡಲಿಲ್ಲ" ಎಂದ. ಕೆಲಸ ಉಳಿಯಿತು. ಮಾಲೀಕರ ಮಗ ಖುಲಾಸೆಯಾದ.

ಭಾವ ಎರಡನೆಯ ದಿನವೂ ಬಂದ, ಮೂರನೆಯ ದಿನವೂ. ಅದೇ ಸಾಲು, ಅದೇ ಕುರ್ಚಿ, ತೊಡೆಯ ಮೇಲೆ ಅದೇ ಬಟ್ಟೆಯ ಚೀಲ. ಚೀಲದೊಳಗೆ ಏನೋ ಉದ್ದನೆಯದು ಚೂಪಾಗಿ ಎದ್ದು ಕಾಣುತ್ತಿತ್ತು. ಆಪರೇಟರ್ ಚಿತ್ರ ನೋಡುವುದು ಬಿಟ್ಟು ಕಿಂಡಿಯಿಂದ ಭಾವನನ್ನೇ ನೋಡತೊಡಗಿದ. ಪರದೆಯ ಮೇಲೆ ಅಪ್ಪ ಚಾಕು ಎತ್ತಿದಾಗ ಜನರೆಲ್ಲ ಉಸಿರು ಬಿಗಿಹಿಡಿದರೆ ಭಾವ ಹಿಂದಕ್ಕೆ ತಿರುಗಿ ಕ್ಯಾಬಿನ್ನಿನ ಕಿಂಡಿಯತ್ತ ನೋಡುತ್ತಿದ್ದ. ಈ ಮನುಷ್ಯ ಪಾಠ ಕಲಿಯಲು ಬರುತ್ತಿದ್ದಾನೆ ಎಂದುಕೊಂಡ ಆಪರೇಟರ್. ಆದರೆ ಮುಯ್ಯಿ ಯಾರ ಮೇಲೆ? ಮಾಲೀಕರ ಮಗ ಊರು ಬಿಟ್ಟು ವರ್ಷಗಳಾಗಿದ್ದವು. ಉಳಿದವನು ತಾನೊಬ್ಬನೇ. ನಾಲ್ಕನೆಯ ದಿನದಿಂದ ಕ್ಯಾಬಿನ್ನಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ. ಹಿಂದಿನ ಗೇಟಿನಿಂದ ಮನೆಗೆ ಹೋಗತೊಡಗಿದ. ಹೆಂಡತಿ "ಯಾಕ್ರೀ, ಬೆಕ್ಕಿನ ಥರ ಬರ್ತೀರಿ?" ಎಂದು ನಕ್ಕಳು.

ಅವನಿಗೆ ಇನ್ನೂ ಒಂದು ಗುಟ್ಟಿತ್ತು. ಆ ಚಿತ್ರದಲ್ಲಿ ಒಂದು ಕೋರ್ಟು ದೃಶ್ಯ. ಸಾಕ್ಷಿಯೊಬ್ಬ ಕಟಕಟೆಗೆ ಬಂದು ಸುಳ್ಳು ಹೇಳುತ್ತಾನೆ. ಒಂದೇ ನಿಮಿಷದ ದೃಶ್ಯ. ರೀಲು ಪರೀಕ್ಷಿಸುವಾಗ ಅದನ್ನು ನೋಡಿ ಇವನಿಗೆ ಬೆವರಿಳಿದಿತ್ತು. ಅಷ್ಟನ್ನು ಕತ್ತರಿಸಿ, ಸುರುಳಿ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಎರಡು ತುದಿಗಳನ್ನು ಅಂಟಿಸಿಬಿಟ್ಟಿದ್ದ. ಚಿತ್ರ ವಾಪಸು ಕಳಿಸುವ ಮುನ್ನ ಮತ್ತೆ ಸೇರಿಸಿದರಾಯಿತು, ಯಾರಿಗೆ ತಿಳಿಯುತ್ತದೆ?

ಏಳನೆಯ ದಿನ, ಆ ಚಿತ್ರದ ಕೊನೆಯ ಮ್ಯಾಟಿನಿ. ಡಬ್ಬಿಯನ್ನು ಮೇಜಿನ ಮೇಲೆ ತೆಗೆದಿಟ್ಟುಕೊಂಡಿದ್ದ. ಇಂಟರ್‌ವಲ್ ಆದ ಮೇಲೆ ಕಿಂಡಿಯಲ್ಲಿ ಬಗ್ಗಿದರೆ ಭಾವನ ಕುರ್ಚಿ ಖಾಲಿ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

"ತೆಗಿ. ನಾನು."

ಓಡಲು ಇನ್ನೊಂದು ಬಾಗಿಲಿಲ್ಲ. ಚಿಲಕ ತೆಗೆದ.

ಭಾವ ಒಳಗೆ ಬಂದು ಚೀಲದಿಂದ ಅದನ್ನು ಹೊರತೆಗೆದು ಮೇಜಿನ ಮೇಲಿಟ್ಟ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ.

"ಯಾಕೆ ಹಾಗೆ ನೋಡ್ತೀಯ? ಇದನ್ನ ನಾನು ಅಂಗಡೀಲಿ ಬಿಟ್ಟು ಬಂದಿದ್ದು ಯಾವತ್ತಾದ್ರೂ ಇದೆಯಾ? ಬಿಟ್ರೆ ಯಾರಾದ್ರೂ ಕಾಗದ ಕತ್ತರಿಸಿ ಮೊಂಡು ಮಾಡ್ತಾರೆ."

"ಭಾವ, ನೀವು ದಿನಾ..."

"ಈ ಪಿಚ್ಚರ್ ನಾನು ಮದುವೆಗೆ ಮುಂಚೆ ನೋಡಿದ್ದೆ. ಅದರಲ್ಲಿ ಸಾಕ್ಷಿ ಹೇಳೋನೊಬ್ಬ ಬರ್ತಾನೆ. ಇಲ್ಲಿ ಜಡ್ಜು ತಲೆ ಎತ್ತಿದ ತಕ್ಷಣ ಅಪ್ಪ ಬೀದೀಲಿರ್ತಾನೆ. ಹೊಲಿಗೆ ಎಲ್ಲಿ ಬಿದ್ದಿದೆ ಅಂತ ದರ್ಜಿಗೆ ಗೊತ್ತಾಗಲ್ವೇನೋ? ನಾಳೆಯಾದ್ರೂ ತೋರಿಸ್ತೀಯ ಅಂತ ಏಳು ದಿನ ಬಂದೆ. ಎಲ್ಲಿದೆ?"

ಆಪರೇಟರ್ ಡಬ್ಬಿಯತ್ತ ನೋಡಿದ. ಭಾವ ಮುಚ್ಚಳ ತೆಗೆದು ಸುರುಳಿಯ ತುದಿಯನ್ನು ದೀಪದ ಬೆಳಕಿಗೆ ಹಿಡಿದ. ಉಗುರಿನಷ್ಟು ಚಿಕ್ಕ ಚಿತ್ರಗಳಲ್ಲಿ ಒಬ್ಬ ಕಟಕಟೆ ಹಿಡಿದು ಬಾಯಿ ತೆರೆದಿದ್ದ.

"ಇವನು ಏನಂತಾನೆ?"

"ನಾನು ನೋಡಲಿಲ್ಲ ಅಂತಾನೆ."

"ನೀನು?"

ಆಪರೇಟರ್ ಕಿಂಡಿಯತ್ತ ತಿರುಗಿದ.

"ಹೆದರ್ಬೇಡ. ಒಂದ್ಸಲ ಬಿಟ್ಟವನನ್ನ ಅದೇ ಕೇಸಿಗೆ ಮತ್ತೆ ಎಳೆಯೋಕಾಗಲ್ಲ ಅಂತ ವಕೀಲರು ಹೇಳಿದಾರೆ. ಕೋರ್ಟಿಂದು ಮುಗೀತು. ನಾನು ಕೇಳ್ತಿರೋದು ನನಗೋಸ್ಕರ."

ಪರದೆಯ ಮೂಲೆಯಲ್ಲಿ ಮೊದಲ ಚುಕ್ಕಿ ಮಿಂಚಿತು. ಎರಡನೆಯದೂ ಮಿಂಚಿ ಹೋಯಿತು. ಆಪರೇಟರನ ಕೈ ಮೇಲೇಳಲಿಲ್ಲ. ಖಾಲಿ ಚಕ್ರ ಪಟಪಟ ತಿರುಗಿತು, ಪರದೆ ಬೆಳ್ಳಗಾಯಿತು, ಕೆಳಗೆ ಶಿಳ್ಳೆ ಎದ್ದಿತು.

"ನೋಡಿದ್ದೆ ಭಾವ. ಮಾಲೀಕರ ಮಗನೇ ಓಡಿಸ್ತಿದ್ದ. ನಾನೇ ಮೆಟ್ಟಿಲ ಮೇಲಿಂದ ಅವಳನ್ನ ಕೂಗಿದ್ದು. ಅವಳು ತಲೆ ಎತ್ತಿ ನನಗೆ ಕೈ ಬೀಸಿದಳು. ಅದಕ್ಕೇ ಕಾರು ಬಂದದ್ದು ಕಾಣಲಿಲ್ಲ."

ಭಾವ ಸುರುಳಿಯನ್ನು ಒಪ್ಪವಾಗಿ ಸುತ್ತಿ ಡಬ್ಬಿಗಿಟ್ಟ. ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡ.

"ಸಂಜೆ ಮನೆಗೆ ಬಾ. ನಿಮ್ಮಕ್ಕನಿಗೆ ಇದನ್ನ ನೀನೇ ಹೇಳು" ಎಂದ ಬಾಗಿಲಲ್ಲಿ ನಿಂತು. "ನನ್ನ ತಮ್ಮ ನೋಡಿದ್ರೆ ಹೇಳದೇ ಇರ್ತಿದ್ನಾ ಅಂತ ಆರು ವರ್ಷದಿಂದ ನನ್ನ ಜೊತೆ ಜಗಳ ಆಡ್ತಿದಾಳೆ."