ವಜೀರನನ್ನು ಎಚ್ಚರಿಸದ ಯಂತ್ರ

ಅಪ್ಪ ನನ್ನ ಜೊತೆ ಮಾತಾಡುತ್ತಿದ್ದದ್ದು ಚದುರಂಗದ ಮಣೆಯ ಮುಂದೆ ಮಾತ್ರ. ಮಸ್ಕಿಯ ಬಜಾರದಲ್ಲಿ ಅವನದು ಹೊಲಿಗೆ ಅಂಗಡಿ. ದಿನವಿಡೀ ತುಟಿ ಬಿಚ್ಚದ ಮನುಷ್ಯ ಸಂಜೆ ಮಣೆ ಹಾಸಿದನೆಂದರೆ ಬೇರೆಯವನೇ. ಅವನ ಜೊತೆ ಆಡಲು ಲಿಂಗಸುಗೂರಿನಿಂದಲೂ ಮಂದಿ ಬರುತ್ತಿದ್ದರು. ನಮ್ಮ ಕಡೆ ಒಂದು ರಿವಾಜಿತ್ತು: ರಾಜನಿಗೆ ಶಹ ಕೊಡುವಾಗ ಹೇಳುವಂತೆ, ಬೇರೆ ಕಡೆ ರಾಣಿ ಎನ್ನುವ ವಜೀರನ ಮೇಲೆ ಹೋದಾಗಲೂ ಬಾಯಿಬಿಟ್ಟು ಹೇಳಬೇಕು. ಹೇಳದೆ ಹೊಡೆದವನ ಜೊತೆ ಯಾರೂ ಮತ್ತೆ ಆಡಲು ಕೂಡುತ್ತಿರಲಿಲ್ಲ.

"ವಜೀರನ್ನ ನೋಡ್ಕೋ ಯವ್ವಾ" ಎನ್ನುತ್ತಿದ್ದ ಅಪ್ಪ. ಅಷ್ಟು ಮೆತ್ತಗೆ ಮಗಳನ್ನು ಊಟಕ್ಕೂ ಕರೆದವನಲ್ಲ. ಆ ಮಾತು ಕೇಳಲೆಂದೇ ನಾನು ಬೇಕಂತ ವಜೀರನನ್ನು ಮುಂದೆ ಬಿಡುತ್ತಿದ್ದೆ.

ತೊಂಬತ್ತರ ದಶಕದ ಕೊನೆಗೆ ಸಿಂಧನೂರಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಅಲ್ಲಿದ್ದ ಯಂತ್ರ ಚದುರಂಗ ಆಡುತ್ತಿತ್ತು, ಇಸ್ಪೀಟು ಆಡುತ್ತಿತ್ತು, ಕಾಯಿಯ ಮೇಲೆ ಕಾಯಿ ಹಾರಿಸಿ ಹೊಡೆಯುವ ಇನ್ನೊಂದು ಆಟವನ್ನೂ ಆಡುತ್ತಿತ್ತು. ನನಗೋ ಇಲ್ಲದ ಜಂಬ. ಒಂದು ಮಧ್ಯಾಹ್ನ ಅಪ್ಪನನ್ನು ಬಸ್ಸು ಹತ್ತಿಸಿ ಕರೆದುಕೊಂಡು ಹೋದೆ. ಯಾಕಾದರೂ ಕರೆದೊಯ್ದೆನೋ.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಗುಡಿಯೊಳಗೆ ಬಂದವನಂತೆ ಅಪ್ಪ ಟೋಪಿಯನ್ನೂ ತೆಗೆದ. ಅವನು ನಡೆ ಹೇಳುವುದು, ನಾನು ಮೌಸ್ ಸರಿಸುವುದು. ಹತ್ತು ನಡೆಯಾದ ಮೇಲೆ ಅವನು ಪರದೆಯತ್ತ ಬಗ್ಗಿ, "ವಜೀರನ್ನ ನೋಡ್ಕೋರಿ" ಅಂದ. ಪಕ್ಕದ ಹುಡುಗರು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ಆ ನಗು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಯಂತ್ರ ತನ್ನ ವಜೀರನನ್ನು ಸರಿಸಿಕೊಂಡಿತು. ಸ್ವಲ್ಪ ಹೊತ್ತಿಗೆ ಅಪ್ಪನ ವಜೀರ ಪರದೆಯ ಮೇಲಿರಲಿಲ್ಲ.

"ಹೇಳಲೇ ಇಲ್ಲಲ್ಲ?" ಎಂದು ಅಪ್ಪ ನನ್ನ ಮುಖ ನೋಡಿದ.

"ಅದಕ್ಕ ಬಾಯಿ ಎಲ್ಲೈತಪ್ಪಾ?" ಅಂದೆ.

ಚದುರಂಗ ಸೋತ ಮೇಲೆ ಇಸ್ಪೀಟು, ಕಾಯಿ ಹಾರಿಸುವ ಆಟ ಎರಡರಲ್ಲೂ ಸೋತ. "ಮೂರೂ ಆಟ ಇವನೊಬ್ಬನ ಆಡ್ತಾನೇನು?" ಎಂದು ಕೇಳಿದ. ಹೌದೆಂದೆ. "ಮಂದಿ ಒಂದೊಂದು ಆಟದಾಗ ಒಂದೊಂದು ಥರಾ ಇರ್ತಾರ. ಇವ ಎಲ್ಲಾದ್ರಾಗೂ ಹಿಂಗ ಸುಮ್ಮನ ಕುಂತಾನ."

ಎಂಟು ದಿನ ಮನೆಯಲ್ಲಿ ಮಣೆ ಹಾಸಲಿಲ್ಲ. ಒಂಬತ್ತನೆಯ ಸಂಜೆ ಹಾಸಿದ. ನಾನು ಎಂದಿನಂತೆ ವಜೀರನನ್ನು ಮುಂದೆ ಬಿಟ್ಟು ಕಾದೆ. ಅಪ್ಪ ತುಟಿ ಪಿಟಕ್ಕೆನ್ನದೆ ಹೊಡೆದುಬಿಟ್ಟ.

"ಅಪ್ಪಾ, ನೀ ಹೇಳಲಿಲ್ಲ."

"ಹೇಳಿ ಏನು ಗೆದ್ದೀನಿ?"

ಅವನ ಕಣ್ಣು ನನ್ನ ಮೇಲಿರಲಿಲ್ಲ. ಸಿಂಧನೂರಿನ ಆ ಯಂತ್ರದೊಳಗೆ ಕೂತಿದ್ದವನು ನಮ್ಮ ಜೊತೆಗೇ ಬಸ್ಸು ಹತ್ತಿ ಬಂದು ಅಪ್ಪನ ಜಾಗದಲ್ಲಿ ಕೂತಿದ್ದಾನೆ ಅನ್ನಿಸಿ ನನಗೆ ಭಯವಾಯಿತು. ಆಮೇಲೆ ದಿನವೂ ಹಾಗೆಯೇ. ಎದುರಿಗೆ ಅಪ್ಪನ ಕೈ ಮಾತ್ರ ಓಡಾಡುತ್ತಿತ್ತು. ಭಯ ಹೋಗಿ ಸಿಟ್ಟು ಬಂತು. ಒಂದು ಸಂಜೆ ಹಟಕ್ಕೆ ಬಿದ್ದು, ನಾನೇ ಸದ್ದಿಲ್ಲದೆ ಅವನ ವಜೀರನನ್ನು ಹೊಡೆದೆ. ಬಯ್ಯಲಿ ಅಂತಲೇ ಹೊಡೆದೆ. ಒಂದು ಮಾತಾದರೂ ಬರಲಿ, ಬೈಗುಳವಾದರೂ ಸರಿ.

ನಾನು ಹೊಡೆದ ವಜೀರನನ್ನು ಅಪ್ಪ ಕೈಗೆ ತೆಗೆದುಕೊಂಡ.

"ಈಗ ಕಲ್ತಿ ನೋಡು" ಅಂದ.

ಕಾಯಿಗಳನ್ನು ಚೀಲಕ್ಕೆ ಹಾಕಿ, ಮಣೆಯನ್ನು ಅಟ್ಟಕ್ಕೆ ಏರಿಸಿದ. ಆಮೇಲೆ ಹನ್ನೊಂದು ವರ್ಷ ಬದುಕಿದ್ದ. ಒಮ್ಮೆಯೂ ಅದನ್ನು ಇಳಿಸಲಿಲ್ಲ. ಇಳಿಸಪ್ಪಾ ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ.