ಯಲವಿಗಿಯ ರೈಲು, ಸವಣೂರಿನ ರಸ್ತೆ, ಚಿಕ್ಕೇರೂರಿನ ಬಾವಿ

ಹಾನಗಲ್ ಬಸ್ ನಿಲ್ದಾಣದ ಕಂಟ್ರೋಲರ್ ಹತ್ತಿರ ಬಸ್ಸಿನ ಎಂಟ್ರಿ ಮಾಡಿಸಿಕೊಂಡು ಬಂದು, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡಲು ಹೋದೆ.

ಕಾಲು ಏಳಲಿಲ್ಲ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಹಾನಗಲ್ಲಿನಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಹಾನಗಲ್. ವರ್ಷಗಟ್ಟಲೆ ಅದೇ ರೂಟು, ಅದೇ ಮೆಟ್ಟಿಲು. ಎರಡು ದಿನದಿಂದ ಪಾದಗಳು ಜುಮುಗುಡುತ್ತಿದ್ದವು. ನಿಂತು ನಿಂತು ಹೀಗಾಗಿದೆ ಎಂದುಕೊಂಡಿದ್ದೆ. ಅದಕ್ಕೂ ಮೊದಲು ಹೊಟ್ಟೆ ಕೆಟ್ಟು ಭೇದಿಯಾಗಿತ್ತು. ವಾಸಿಯಾಯಿತು, ಮರೆತುಬಿಟ್ಟೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಯಾರಿಗೆ ಗೊತ್ತಿತ್ತು?

"ಯಾಕ್ರೀ ಅಕ್ಕಾರ, ಹತ್ರಿ. ಟೈಮ್ ಆತು," ಡ್ರೈವರ್ ಕೂಗಿದರು.

"ಕಾಲ ಏಳವಲ್ದು ನೋಡ್ರಿ," ಎಂದೆ, ನಗುತ್ತಲೇ.

ಒಳಗಿದ್ದ ಇಬ್ಬರು ಹೆಂಗಸರು ಕೈಹಿಡಿದು ಎಳೆದುಕೊಂಡರು. ಬಾಗಿಲ ಪಕ್ಕದ ಸೀಟಿನಲ್ಲಿ ಕುಳಿತೇ ಟಿಕೆಟ್ ಕೊಟ್ಟೆ. ನಮ್ಮ ಮನೆಯಿರುವ ಶಿಗ್ಗಾಂವಿ ಬರುವ ಹೊತ್ತಿಗೆ ಟಿಕೆಟ್ ಮಷಿನ್ನಿನ ಗುಂಡಿ ಒತ್ತಲು ಬೆರಳಿಗೆ ಬಲವಿರಲಿಲ್ಲ. ನನ್ನ ಗಂಡ ಈರಣ್ಣ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವವರು. ಡ್ರೈವರ್ ಫೋನ್ ಮಾಡಿದ್ದೇ ಅಂಗಡಿಯಿಂದ ಓಡಿಬಂದು ನನ್ನನ್ನು ಇಳಿಸಿಕೊಂಡರು. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲು ನೋಡಿದೆ. ಸೊಂಟದಿಂದ ಕೆಳಗೆ ನನ್ನದೆನ್ನುವುದು ಏನೂ ಇರಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರು. ಕಾಲು ಸುಮ್ಮನಿತ್ತು. ಇನ್ನೊಂದು ಕಾಲಿಗೆ ತಟ್ಟಿದರು. ಅದೂ ಸುಮ್ಮನಿತ್ತು. ಬೆನ್ನಿನಿಂದ ನೀರು ತೆಗೆದರು. ನರ್ವ್ ಕಂಡಕ್ಷನ್ ಟೆಸ್ಟ್ ಮಾಡಿದರು. ಆಮೇಲೆ ನನ್ನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು, ನನಗೇ ಹೇಳಿದರು; ಗಂಡನನ್ನು ಹೊರಗೆ ಕರೆದು ಪಿಸುಗುಡಲಿಲ್ಲ.

"ಇದಕ್ಕ ಜಿಬಿಎಸ್ ಅಂತಾರ್ರಿ. ಹೊಟ್ಟಿ ಸೋಂಕಿನ ಜೋಡಿ ಬಡಿದಾಡಾಕ ನಿಮ್ಮ ಮೈ ತಯಾರು ಮಾಡಿದ್ದ ಶಕ್ತಿ, ದಾರಿ ತಪ್ಪಿ ನಿಮ್ಮ ನರಗಳ ಮ್ಯಾಲೇ ಬಿದ್ದೈತಿ. ಭಾಳ ಮಂದಿ ಎದ್ದು ಅಡ್ಡಾಡ್ತಾರ. ಆದ್ರ ಮ್ಯಾಲೆ ಏಳೂಕಿಂತ ಮೊದಲ ಇನ್ನಷ್ಟು ಕೆಳಗ ಇಳೀಬಹುದು."

ಇಳಿಯಿತು. ಕೈ ಹೋಯಿತು. ಮುಖ ಸಡಿಲವಾಯಿತು. ನುಂಗಿದ ನೀರು ಮೂಗಿನಿಂದ ಬಂತು.

ಒಂದು ಮಧ್ಯಾಹ್ನ ಉಸಿರು ಸಾಲದಾಯಿತು.

ವೆಂಟಿಲೇಟರ್ ಮೇಲಿದ್ದ ದಿನಗಳಲ್ಲಿ ನನಗೆ ಎಲ್ಲವೂ ಕೇಳಿಸುತ್ತಿತ್ತು ಎಂಬುದನ್ನು ಯಾರಿಗೂ ಹೇಳಲಾಗುತ್ತಿರಲಿಲ್ಲ. ನರ್ಸ್‌ಗಳು ಊಟದ ಡಬ್ಬಿಯಲ್ಲಿ ಏನಿದೆಯೆಂದು ಮಾತಾಡಿಕೊಳ್ಳುವುದು, ಪಕ್ಕದ ಮಂಚದ ಯಂತ್ರದ ಸದ್ದು ಬದಲಾಗುವುದು, ಮಗಳು ಸ್ನೇಹಾ ಬಂದು ಕಿವಿಯ ಹತ್ತಿರ "ಅವ್ವಾ, ಕೇಳಾಕತ್ತೈತೇನ? ಕೇಳಿದ್ರ ಕಣ್ಣು ಮುಚ್ಚು" ಎನ್ನುವುದು. ನಾನು ಕಣ್ಣು ಮುಚ್ಚುತ್ತಿದ್ದೆ. ಅವಳು ಅಳುತ್ತಿದ್ದಳು. ಸತ್ತುಹೋಗುವ ಭಯಕ್ಕಿಂತ ಬೇರೆಯೇ ಒಂದು ಯೋಚನೆ ನನ್ನನ್ನು ಹಿಡಿದುಕೊಂಡಿತ್ತು: ಇಷ್ಟು ವರ್ಷ ಸಾವಿರಾರು ಜನರನ್ನು ಅವರವರು ಹೋಗಬೇಕಾದ ಊರಿಗೆ ಇಳಿಸಿದ್ದೇನೆ, ಆದರೆ ನನ್ನ ಸಂತೋಷಕ್ಕೆಂದು ನಾನು ಎಲ್ಲಿಗೂ ಹೋಗಿಲ್ಲ. ತವರೂರು ಚಿಕ್ಕೇರೂರಿನ ಹೊಲದ ಬಾವಿಯಲ್ಲಿ ಅಣ್ಣ ಮೇಲಿಂದ ಜಿಗಿಯುತ್ತಿದ್ದ. ನನಗೆ ದಂಡೆಯ ಮೇಲೆ ಕುಳಿತು ಅವನ ಅಂಗಿ ಕಾಯುವ ಕೆಲಸ. ಆ ತಣ್ಣನೆಯ ಹಸಿರು ನೀರು, ಐಸಿಯುನ ಬಿಳಿ ಚಾವಣಿಯ ಮೇಲೆ ನನಗೆ ದಿನವೂ ಕಾಣುತ್ತಿತ್ತು.

ಮದ್ದು ಹಿಡಿಯಿತು. ಮೆಲ್ಲಗೆ ಉಸಿರು ಮರಳಿತು. ಗಂಟಲಿನ ನಳಿಗೆ ತೆಗೆದ ದಿನ ಮನೆಯವರೆಲ್ಲ ಮಂಚದ ಸುತ್ತ ನಿಂತಿದ್ದರು. ನನ್ನ ಬಾಯಿಂದ ಏನು ಬರುತ್ತದೋ ಎಂದು ಈರಣ್ಣ ಬಾಗಿ ಕಿವಿಯೊಡ್ಡಿದರು.

"ಬಾವ್ಯಾಗ ಈಜಬೇಕು," ಎಂದೆ.

ಅವರು ಗಾಬರಿಯಾಗಿ ಡಾಕ್ಟರಮ್ಮನ ಕಡೆ ನೋಡಿದರು. "ಮೇಡಂ, ತಲಿಗೇನರ ಏರೇತೇನ್ರಿ?"

ಡಾಕ್ಟರಮ್ಮ ನಕ್ಕರು. "ತಲಿ ನೆಟ್ಟಗ ಐತ್ರಿ. ಈಜಸೂಣು. ಮೊದಲ ಹೆಬ್ಬೆರಳು ಅಲ್ಲಾಡಿಸಲಿ."

ನಾನು ಮತ್ತೆ ಬಾಯಿ ತೆರೆದೆ. ಸ್ಕೂಟಿ ನಡೆಸಬೇಕು ಎಂದೆ. ಸ್ನೇಹಾಳ ಕಣ್ಣು ಅರಳಿದವು. "ಆಯಿ, ಇದಕ್ಕ ಬಕೆಟ್ ಲಿಸ್ಟ್ ಅಂತಾರ," ಎಂದು ಅಜ್ಜಿಗೆ ಹೇಳಿದಳು.

"ಬಕೀಟನ್ಯಾಗ ಏನ ಹಾಕ್ತಿ?" ಎಂದರು ನಮ್ಮ ಅತ್ತೆ ಗಂಗವ್ವ.

"ಸಾಯೂದ್ರೊಳಗ ಏನೇನ ಮಾಡಬೇಕಂತ ಆಸೆ ಐತೋ, ಅದನ್ನ."

ಅತ್ತೆ ಸೆರಗಿನ ತುದಿ ತಿರುವಿದರು. "ಹಂಗಾರ ನಂದೂ ಒಂದ ಹಾಕು. ರೈಲು ಹತ್ತಬೇಕು."

ನಾವೆಲ್ಲ ಅವರ ಮುಖ ನೋಡಿದೆವು. ಅತ್ತೆ ಹುಟ್ಟಿ ಬೆಳೆದದ್ದು ಯಲವಿಗಿಯಲ್ಲಿ. ಊರಲ್ಲೇ ಸ್ಟೇಷನ್ನು. "ರೈಲಿನ ಸಪ್ಪಳ ಕೇಳೇ ಬುತ್ತಿ ಬಿಚ್ಚತಿದ್ವಿ, ರೈಲಿನ ಸಪ್ಪಳ ಕೇಳೇ ಮನೀಗೆ ತಿರುಗತಿದ್ವಿ. ಹತ್ತಾಕ ಮಾತ್ರ ಯಾರೂ ಕರೀಲಿಲ್ಲ," ಎಂದರು.

ಆಸೆ ಹೇಳಿದಷ್ಟು ಸುಲಭವಾಗಿ ಮೈ ಏಳಲಿಲ್ಲ. ಮನೆಗೆ ಬಂದ ಮೇಲೆ ಕೂಸಿನ ಹಾಗೆ ಎಲ್ಲವನ್ನೂ ಕಲಿಯಬೇಕಾಯಿತು: ಹೊರಳುವುದು, ಕೂರುವುದು, ಚಮಚ ಹಿಡಿಯುವುದು. ಈರಣ್ಣ ಅಂಗಳದಲ್ಲಿ ಕಬ್ಬಿಣದ ಪೈಪುಗಳನ್ನು ನೆಟ್ಟು, ನಾನು ಎರಡೂ ಕಡೆ ಹಿಡಿದು ನಡೆಯಲೆಂದು ಅಡ್ಡಗಂಬಿ ಮಾಡಿದರು. ಮೋಟಾರಿಗೆ ತಾಮ್ರದ ತಂತಿ ಸುತ್ತುವಷ್ಟೇ ಜೋಪಾನವಾಗಿ ನನ್ನ ಕೈ ತರಚದಂತೆ ಅದಕ್ಕೆ ಬಟ್ಟೆ ಸುತ್ತಿದರು. ಫಿಸಿಯೋಥೆರಪಿಸ್ಟ್ ಬಂದಾಗಲೆಲ್ಲ ನರಗಳು ಬೆಂಕಿ ಹತ್ತಿದಂತೆ ಉರಿಯುತ್ತಿದ್ದವು.

ಒಂದು ದಿನ ಬಚ್ಚಲುಮನೆಯಲ್ಲಿ ಬಿದ್ದೆ. ಮೂಳೆ ಮುರಿಯಲಿಲ್ಲ, ಧೈರ್ಯ ಮುರಿಯಿತು. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟೆ. ಫಿಸಿಯೋ ಬಂದರೆ ವಾಪಸ್ ಕಳಿಸಿದೆ. "ನನಗೇನೂ ಬ್ಯಾಡ. ಮಲಗಾಕ ಬಿಡ್ರಿ," ಎಂದೆ.

ಅತ್ತೆ ಬಂದು ಕಾಲಹತ್ತಿರ ಕುಳಿತರು. ಸಮಾಧಾನ ಹೇಳಲಿಲ್ಲ. ನನ್ನ ಪಾದ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತ ಹೇಳಿದರು: "ನೀ ಬರದ ನಾ ರೈಲು ಹತ್ತಂಗಿಲ್ಲ, ಶೈಲಾ. ನನಗೂ ವಯಸ್ಸಾಗೈತಿ. ಎಷ್ಟ ದಿನಾ ಕಾಯಲಿ, ನೀನ ಹೇಳು."

ಮರುದಿನ ಅಡ್ಡಗಂಬಿಯ ಮುಂದೆ ನಿಂತೆ.

ಯಲವಿಗಿಗೆ ಹೋದಾಗ ನನ್ನ ಕೈಯಲ್ಲಿ ವಾಕರ್, ಎಡಗಾಲಿಗೆ ಪಾದ ಜೋತುಬೀಳದಂತೆ ಪ್ಲಾಸ್ಟಿಕ್ ಸ್ಪ್ಲಿಂಟ್. ಅತ್ತೆ ಇಳಕಲ್ ಸೀರೆ ಉಟ್ಟು, ನನ್ನ ಮದುವೆಯ ನಂತರ ಪೆಟ್ಟಿಗೆಯಿಂದ ಹೊರತೆಗೆಯದಿದ್ದ ಬೋರಮಾಳ ಸರ ಹಾಕಿದ್ದರು. ಹುಬ್ಬಳ್ಳಿ ಕಡೆಯ ಪ್ಯಾಸೆಂಜರ್ ಬಂದು ನಿಂತಿತು. ಅಲ್ಲಿ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬಾಗಿಲ ಮೆಟ್ಟಿಲು ಕಂಡದ್ದೇ ಅತ್ತೆ ಹಿಂದೆ ಸರಿದರು.

"ಒಲ್ಲೆ ಯವ್ವಾ. ನಡುವ ಸಂದ್ಯಾಗ ಬಿದ್ರ?"

ಆ ಮೆಟ್ಟಿಲು ನನಗೂ ಎತ್ತರವೇ. ಆದರೆ ಜನರನ್ನು ಗಾಡಿ ಹತ್ತಿಸುವುದು ನನ್ನ ಕಸುಬು. ಬಾಯಿ ತಾನಾಗಿಯೇ ತೆರೆಯಿತು. "ಲಗೂನ ಹತ್ರಿ ಅತ್ತೀ! ಕಂಬಿ ಹಿಡೀರಿ, ಬಲಗಾಲ ಮುಂದ!" ಈರಣ್ಣ ಒಳಗಿನಿಂದ ಎಳೆದರು, ಅತ್ತೆ ಹತ್ತಿದರು. ಆಮೇಲೆ ವಾಕರನ್ನು ಸ್ನೇಹಾಳಿಗೆ ಕೊಟ್ಟು, ಎರಡೂ ಕೈಯಿಂದ ಕಂಬಿ ಹಿಡಿದೆ. ಬಲಗಾಲು ಏರಿತು. ಎಡಗಾಲನ್ನು ಮಗಳು ಎತ್ತಿಟ್ಟಳು. ಮೇಲಿಂದ ಅತ್ತೆಯೇ ನನ್ನ ರಟ್ಟೆ ಹಿಡಿದು ಜಗ್ಗಿದರು.

ಹತ್ತಿದೆ.

ರೈಲು ಹೊರಟಿತು. ಕಿಟಕಿಗೆ ಹಣೆ ಹಚ್ಚಿ ಕುಳಿತಿದ್ದ ಅತ್ತೆ ಒಮ್ಮೆಲೇ ನನ್ನ ತೊಡೆ ಹಿಸುಕಿದರು. "ಶೈಲಾ, ಅಲ್ಲಿ ನೋಡು, ನಮ್ಮ ಅಪ್ಪನ ಹೊಲ! ಬೇವಿನ ಗಿಡ ಇನ್ನೂ ಐತಿ! ಇಲ್ಲಿಂದ ನಮ್ಮ ಊರು ಹಿಂಗ ಕಾಣತೈತೇನ?" ಹುಟ್ಟಿದಾಗಿನಿಂದ ಹೊಲದಲ್ಲಿ ನಿಂತು ರೈಲು ನೋಡಿದವರು, ಮೊದಲ ಸಲ ರೈಲಿನಿಂದ ಹೊಲ ನೋಡಿದರು. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರಿಗೆ, ಗುರುತು ಸಿಗಲಿ ಬಿಡಲಿ, ಕೈ ಬೀಸಿದರು. ಅಷ್ಟರಲ್ಲಿ ಟಿಕೆಟ್ ತಪಾಸಣೆಯವರು ಬಂದರು. ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತು ಟಿಕೆಟ್ ಚಾಚಿದೆ. ಬೇರೆಯವರು ನಿಂತಿದ್ದು ನಾನು ಕುಳಿತಿರುವ ಆ ಗಳಿಗೆಯ ಸುಖವನ್ನು ನನ್ನಂಥ ಕಂಡಕ್ಟರುಗಳೇ ಬಲ್ಲರು.

ವಾಕರ್ ಹೋಗಿ ಕೋಲು ಬಂತು. ಕೈಗಳಲ್ಲಿ ಹಿಡಿತ ಬಂತು. ಗೇರಿಲ್ಲದ ಗಾಡಿಯಾದರೆ ನಡೆಸಬಹುದು ಎಂದು ಡಾಕ್ಟರಮ್ಮ ಒಪ್ಪಿದರು. ಬೆಳಿಗ್ಗೆ ಖಾಲಿ ಮೈದಾನದಲ್ಲಿ ಸ್ನೇಹಾ ನನಗೆ ಸ್ಕೂಟಿ ಕಲಿಸಿದಳು. ಅವಳಿಗೆ ಸೈಕಲ್ ಕಲಿಸುವಾಗ ನಾನು ಬೈದದ್ದಕ್ಕೆಲ್ಲ ಬಡ್ಡಿ ಸೇರಿಸಿ ಬೈದಳು. "ಮುಂದ ನೋಡವ್ವಾ! ಗಾಲಿ ಏನ ನೋಡ್ತಿ, ಅದೆಲ್ಲಿ ಓಡಿ ಹೋಗತೈತಿ?"

ಲೈಸೆನ್ಸ್ ಕೈಗೆ ಬಂದ ಮೇಲೆ ಶಿಗ್ಗಾಂವಿಯಿಂದ ಸವಣೂರಿಗೆ ಹೊರಟೆವು. ನಾನು ಮುಂದೆ, ಮಗಳು ಹಿಂದೆ. ಬೈಕಿನಲ್ಲಿ ಈರಣ್ಣ ನಮ್ಮ ಬೆನ್ನಿಗೇ, ಏನಾದರೂ ಆದೀತೆಂದು ಎರಡೂ ಕಾಲು ಚಾಚಿಕೊಂಡೇ ಬಂದರು. ರಸ್ತೆಯ ಇಕ್ಕೆಲ ಗೋವಿನಜೋಳ ತೆನೆ ಬಿಟ್ಟಿತ್ತು. ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಸಡಿಲವಾಗಿದ್ದ ಕೆನ್ನೆಯಲ್ಲಿ ಆ ಗಾಳಿ ನನಗೆ ಪೂರ್ತಿ ಗೊತ್ತಾಗುತ್ತಿತ್ತು. ಎದುರಿಗೆ ಒಂದು ಬಸ್ಸು ಬಂತು. ಹಾನಗಲ್ಲಿನಲ್ಲಿ ಅಂದು ನನ್ನನ್ನು ಕೂಗಿದ ಡ್ರೈವರ್ ಈಗ ಆ ರೂಟಿನಲ್ಲಿದ್ದರು. ಗುರುತು ಹಿಡಿದು, ಬಸ್ಸು ನಿಧಾನ ಮಾಡಿ, ಹಾರ್ನ್ ಬಾರಿಸಿ, ಕಿಟಕಿಯಿಂದ ಕೈ ಚಾಚಿ ಕೂಗಿದರು:

"ಅಕ್ಕಾರ, ರೈಟ್ ರೈಟ್!"

ಸವಣೂರಿನಲ್ಲಿ ಇಳಿದೆವು. ಅಲ್ಲಿನ ಹೆಸರಾದ ಕುರುಕಲು ಖಾರದ ಪೊಟ್ಟಣ ಹಿಡಿದು, ಊರವರು ದೊಡ್ಡ ಹುಣಸೆ ಎನ್ನುವ ಬಾವೊಬಾಬ್ ಮರದ ಕೆಳಗೆ ಕುಳಿತೆವು. ಈರಣ್ಣ ಪೊಟ್ಟಣ ಬಿಚ್ಚುತ್ತ, "ಐಸಿಯು ಹೊರಗ ಕುಂತಾಗ ನಾ ಬರೇ ಇಷ್ಟ ಬೇಡಿಕೊಂಡಿದ್ದೆ, ಒಮ್ಮೆ ನನ್ನ ಜೋಡಿ ಜಗಳಾಡಲಿ ಅಂತ," ಎಂದರು.

"ಹಂಗಾರ ಎದ್ದು ನೀರು ತರ್ರಿ, ಎಷ್ಟೊತ್ತಿಂದ ಕೇಳಾಕತ್ತೇನಿ," ಎಂದೆ. ಕಣ್ಣೊರೆಸಿಕೊಂಡು ಓಡಿದರು.

ಬಾವಿ ಉಳಿದಿತ್ತು. ಬೇಸಿಗೆಯಲ್ಲಿ ಹಾನಗಲ್ ದಾಟಿ ಚಿಕ್ಕೇರೂರಿಗೆ ಹೋದೆವು. ಅಣ್ಣ ಕೋಲು ನೋಡಿ ತಲೆಯಾಡಿಸಿದ. "ಬ್ಯಾಡ ಶೈಲಿ. ಪಾವಟಿಗಿ ಜಾರತಾವ."

"ಕುಂತ ಇಳೀತೇನಿ."

ಹಾಗೇ ಇಳಿದೆ. ಚೂಡಿದಾರದಲ್ಲಿ, ಒಂದೊಂದು ಮೆಟ್ಟಿಲಿಗೂ ಕುಳಿತು, ಕೈಯೂರಿ, ಜರುಗುತ್ತ. ಅಣ್ಣ ನನ್ನ ಬೆನ್ನಿಗೆ ಬೆಂಡು ಕಟ್ಟಿದ. ಒಣಗಿದ ಹಗುರ ಕಟ್ಟಿಗೆಯ ತುಂಡುಗಳವು, ಮುಳುಗಗೊಡುವುದಿಲ್ಲ. ನೀರು ಮೊದಲು ಕಾಲಿಗೆ, ಸೊಂಟಕ್ಕೆ, ಎದೆಗೆ ಬಂತು. ಉಸಿರು ಒಂದು ಕ್ಷಣ ನಿಂತಿತು. ಆಮೇಲೆ ಉಸಿರು ತಾನಾಗಿಯೇ ಒಳಗೆ ಬಂತು, ಹೊರಗೆ ಹೋಯಿತು.

ಕೆಲವು ದಿನ ದಂಡೆ ಹಿಡಿದೇ ಕಾಲು ಬಡಿದೆ. ನೆಲದ ಮೇಲೆ ಜೋತುಬೀಳುವ ನನ್ನ ಎಡಪಾದ ನೀರಿನಲ್ಲಿ ಭಾರವೇ ಇಲ್ಲದೆ ತೇಲುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ದಂಡೆ ಬಿಟ್ಟೆ. ಸ್ನೇಹಾ ಪಕ್ಕದಲ್ಲಿ ಈಜುತ್ತಿದ್ದಳು. ಮೇಲೆ ಅತ್ತೆ "ಕೈ ಬೀಸು! ಕೈ ಬೀಸು!" ಎಂದು ಚೀರುತ್ತಿದ್ದರು. ಈಜು ಬಾರದ ಈರಣ್ಣ ಅಂಗಿ ಪ್ಯಾಂಟಿನಲ್ಲೇ ಸೊಂಟಮಟ್ಟ ನೀರಿಗಿಳಿದು ನಿಂತಿದ್ದರು. ನೀರು ಕುಡಿದೆ, ಕೆಮ್ಮಿದೆ, ಕೈ ಬೀಸಿದೆ. ಎದುರಿನ ಕಲ್ಲಿನ ಗೋಡೆ ಬೆರಳಿಗೆ ತಾಗಿತು. ನಾನು ಹಾಕಿದ ಕೂಗಿಗೆ ಬಾವಿಯ ಪಾರಿವಾಳಗಳೆಲ್ಲ ಹಾರಿದವು.

ಈಗ ಬಸ್ ನಿಲ್ದಾಣದ ಪಾಸ್ ಕೌಂಟರಿನಲ್ಲಿ ನನಗೆ ಕುಳಿತು ಮಾಡುವ ಕೆಲಸ ಕೊಟ್ಟಿದ್ದಾರೆ. ಸಂಜೆಯಾದರೆ ಕಾಲು ಸೋಲುತ್ತದೆ. ಎಡಪಾದ ಇಷ್ಟೇ ಇರಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಇರಲಿ. ಹಲವರಿಗೆ ಇಷ್ಟೂ ಮರಳುವುದಿಲ್ಲವೆಂದು ಐಸಿಯುನಲ್ಲಿ ಕಣ್ಣಾರೆ ಕಂಡಿದ್ದೇನೆ. ಉಳಿದ ಕಾಲಿಗೆ, ಉಸಿರಿಗೆ, ನನ್ನ ಜೊತೆ ನಿಂತವರಿಗೆ ನಾನು ಋಣಿ.

ದಂಡೆ ಬಿಟ್ಟು ಈಜಿದ ಆ ಮಧ್ಯಾಹ್ನ ಬಾವಿಯ ಮೆಟ್ಟಿಲ ಮೇಲೆ ಕುಳಿತು ನಾನು ತಲೆ ಒರೆಸಿಕೊಳ್ಳುತ್ತಿದ್ದಾಗ, ಅಣ್ಣನ ಹೆಂಡತಿ, ನಮ್ಮ ವೈನಿ, ಬುತ್ತಿಗಂಟು ಹಿಡಿದು ಬಂದಿದ್ದರು. ಮದುವೆಯಾಗಿ ಬಂದಾಗಿನಿಂದ ಅದೇ ಹೊಲದಲ್ಲಿ ದುಡಿದವರು. ಬುತ್ತಿ ಕೆಳಗಿಟ್ಟು ನೀರನ್ನೇ ನೋಡುತ್ತ ನಿಂತರು. ಅಣ್ಣ ಊಟಕ್ಕೆ ಕರೆದರೂ ಕದಲಲಿಲ್ಲ. ಆಮೇಲೆ ಸೀರೆಯ ನೆರಿಗೆ ಎತ್ತಿ ಕಚ್ಚೆ ಕಟ್ಟಿ, ಒಂದೊಂದೇ ಮೆಟ್ಟಿಲು ಇಳಿದು ಬಂದು ನನಗೆ ಬೆನ್ನು ತಿರುಗಿಸಿ ಕುಳಿತರು.

"ಶೈಲಾ, ಆ ಬೆಂಡು ನನಗ ಕಟ್ಟು."

ಕಟ್ಟಿದೆ. ಗಂಟು ನಾನೇ ಬಿಗಿದೆ.