ಬಾಣದಕ್ಕ ಮಾಡಿದ ಒಂದೇ ತಪ್ಪು

ನಮ್ಮ ಶರ್ಟಿನ ಕಾರ್ಖಾನೆಯಲ್ಲಿ ಲೈನಿನ ಕೊನೆಗೆ ಒಂದು ಉದ್ದನೆಯ ಬಿಳಿ ಮೇಜಿದೆ. ಹೊಲಿದು ಮುಗಿದ ಪ್ರತಿ ಶರ್ಟೂ ಅದರ ಮೇಲೆ ಅಂಗಾತ ಮಲಗಲೇಬೇಕು. ಇಪ್ಪತ್ನಾಲ್ಕು ವರ್ಷ ಆ ಮೇಜಿನ ಹಿಂದೆ ನಿಂತು ಶರ್ಟು ಪರೀಕ್ಷೆ ಮಾಡಿದವರು ಬಾಣದಕ್ಕ. ಅವರ ಏಪ್ರನ್ನಿನ ಜೇಬಿನಲ್ಲಿ ಸದಾ ಕೆಂಪು ಬಾಣದ ಸ್ಟಿಕ್ಕರುಗಳ ಹಾಳೆ ಇರುತ್ತಿತ್ತು. ಹೊಲಿಗೆ ತಪ್ಪಿದ ಜಾಗಕ್ಕೆ ಒಂದು ಬಾಣ ಅಂಟಿಸಿ, ಹೊಲಿದವರ ಬುಟ್ಟಿಗೆ ವಾಪಸ್ ಕಳಿಸುತ್ತಿದ್ದರು. ಬಾಣ ಬಂತೆಂದರೆ ಮಾತಿಲ್ಲ ಕತೆಯಿಲ್ಲ, ಬಿಚ್ಚಿ ಮತ್ತೆ ಹೊಲಿಯಬೇಕು.

ಅವರ ಕೈ ಓಡುತ್ತಿದ್ದ ದಾರಿ ನಮಗೆಲ್ಲ ಬಾಯಿಪಾಠವಾಗಿತ್ತು. ಮೊದಲು ಕಾಲರ್, ಆಮೇಲೆ ಎಡ ಭುಜ, ತೋಳು, ಕಫ್, ಕೆಳಗಿನ ಮಡಿಕೆ, ಬಲಗಡೆಯಿಂದ ಮತ್ತೆ ಮೇಲಕ್ಕೆ. ಒಂದು ಶರ್ಟಿಗೆ ಅರ್ಧ ನಿಮಿಷ. ಸರಿಯಿದ್ದರೆ ಬಲಗೈ ರಾಶಿಗೆ ಸರಿಸುವರು, ಅಷ್ಟೇ. ಮೊಸರಲ್ಲಿ ಕಲ್ಲು ಹುಡುಕುವವರನ್ನು ಬೇಕಾದಷ್ಟು ನೋಡಿದ್ದೇನೆ. ಇವರಿಗೆ ಆ ಕಲ್ಲು ಸಿಕ್ಕಿಯೂ ಬಿಡುತ್ತಿತ್ತು, ಅದೇ ನಮ್ಮ ಸಂಕಟ. ಸೂಜಿಯ ಮೇಲೆ, ದಾರದ ಮೇಲೆ ತಪ್ಪು ಹೊರಿಸಿ ಯಾರಾದರೂ ಬಾಯಿ ತೆರೆದರೆ, "ಕುಣಿಯಲಾರದವಳಿಗೆ ನೆಲ ಡೊಂಕಂತೆ" ಎಂದು ಕತ್ತೆತ್ತದೆ ಹೇಳುತ್ತಿದ್ದರು.

ಅವರ ಗಂಡ ಶಾಲೆಯ ವ್ಯಾನು ಓಡಿಸುವವರು, ನಗುಮುಖದ ಮನುಷ್ಯ. ಸಂಜೆ ಹೆಂಡತಿಯನ್ನು ಕರೆದೊಯ್ಯಲು ಗೇಟಿನ ಹತ್ತಿರ ನಿಂತಿರುತ್ತಿದ್ದರು. "ಮನೇಲೂ ಹೀಗೇನಾ ಅಣ್ಣ?" ಎಂದು ಒಮ್ಮೆ ಕೇಳಿದೆ.

"ಮದುವೆ ಆದ ಹೊಸದರಲ್ಲಿ ಇವಳ ಹತ್ರ ಸ್ಟಿಕ್ಕರ್ ಇರ್ಲಿಲ್ಲ, ಬದುಕಿಕೊಂಡೆ. ಇದ್ದಿದ್ರೆ ನನ್ನ ಮೈಮೇಲೆ ಚರ್ಮ ಕಾಣ್ತಿರ್ಲಿಲ್ಲ ಬಿಡಮ್ಮ" ಎಂದರು.

ನಾನು ಹದಿನಾಲ್ಕನೇ ಮಷೀನಿನವಳು. ಕಾಲರ್ ಹೊಲಿಯುತ್ತೇನೆ. ಮುಚ್ಚುಮರೆ ಯಾಕೆ, ಬಾಣದಕ್ಕನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅಮ್ಮ ಮೊಣಕಾಲಿನ ಆಪರೇಷನ್ನಿಗೆ ಆಸ್ಪತ್ರೆಯಲ್ಲಿದ್ದಾಗ, ನಿದ್ದೆಗೆಟ್ಟು ಬಂದು ಹೊಲಿದ ಕಾಲರುಗಳು ಸೊಟ್ಟಗಾದವು. ಒಂದೇ ತಿಂಗಳಲ್ಲಿ ಎಷ್ಟು ಬಾಣ ಬಂದವೆಂದರೆ ಸೂಪರ್‌ವೈಸರ್ ನನಗೆ ಎರಡು ಎಚ್ಚರಿಕೆ ಚೀಟಿ ಕೊಟ್ಟ. ಮೂರನೆಯದು ಬಂದರೆ ಗೇಟಿನಿಂದ ಆಚೆ. ಮನೆಯಲ್ಲಿ ಅಮ್ಮ, ಓದುತ್ತಿರುವ ತಂಗಿ, ದುಡಿಯುವ ಕೈ ನನ್ನದೊಂದೇ. ಆ ದಿನಗಳಲ್ಲಿ ಪೀಸು ಹಂಚುವ ಹೆಂಗಸು ಬುಟ್ಟಿ ಹಿಡಿದು ನನ್ನ ಕಡೆ ತಿರುಗಿದರೆ ಸಾಕು, ಹೊಲಿಗೆ ನಿಲ್ಲಿಸಿ ಅದರಲ್ಲಿ ಕೆಂಪು ಬಾಣ ಇದೆಯೇ ಎಂದು ನೋಡುತ್ತಿದ್ದೆ. ಹೊಲಿಗೆ ಸರಿಯಾದ ಮೇಲೂ ಆ ಭಯ ಹೋಗಲಿಲ್ಲ.

ಅಂಥ ಕಾಲದಲ್ಲಿ ಮುಖ್ಯ ಕಚೇರಿಯಿಂದ ಒಬ್ಬ ತರಬೇತಿ ಕೊಡುವವರು ಬಂದರು. ಎಲ್ಲರಿಗೂ ಒಂದೊಂದು ನೀಲಿ ಪುಸ್ತಕ ಹಂಚಿದರು. ದಿನವೂ ಮನಸ್ಸಿಗೆ ಹಿತ ಕೊಟ್ಟ ಒಂದು ವಿಷಯವನ್ನು ಅದರಲ್ಲಿ ಬರೆಯಬೇಕು, ಅದಕ್ಕೆ ಕಾರಣರಾದವರಿಗೆ ಅದೇ ದಿನ ತಿಳಿಸಬೇಕು, ತಿಂಗಳ ಕೊನೆಗೆ ಚೆನ್ನಾಗಿ ಬರೆದವರಿಗೆ ಬಹುಮಾನ. ನಾವೆಲ್ಲ ಕಾಟಾಚಾರಕ್ಕೆ ಒಬ್ಬರದನ್ನೊಬ್ಬರು ನೋಡಿ ಬರೆದೆವು. ಗಾಳಿಗೆ ಧನ್ಯವಾದ, ಬೆಳಕಿಗೆ ಧನ್ಯವಾದ. ನಾನು ಫ್ಯಾನಿಗೂ ಧನ್ಯವಾದ ಬರೆದೆ. ನನ್ನ ತಲೆಯ ಮೇಲಿನ ಫ್ಯಾನು ನಿಂತು ಮೂರು ವರ್ಷವಾಗಿತ್ತು.

ಬಾಣದಕ್ಕನಿಗೆ ಮಾತ್ರ ಕಾಟಾಚಾರ ಎನ್ನುವುದೇ ಗೊತ್ತಿಲ್ಲ. ಕೊಟ್ಟ ಕೆಲಸ ಕೊಟ್ಟ ಹಾಗೇ ಮಾಡಬೇಕು. ಮೂರು ದಿನ ಊಟದ ಹೊತ್ತಿನಲ್ಲಿ ಪುಸ್ತಕ ತೆರೆದು, ಪೆನ್ನು ಹಿಡಿದು, ಹಾಳೆಯನ್ನೇ ದಿಟ್ಟಿಸುತ್ತ ಕೂತರು. ಏನೂ ಬರೆಯಲಿಲ್ಲ. ನಾಲ್ಕನೇ ದಿನ ಪಕ್ಕದಲ್ಲಿ ಕೂತ ಗುಂಡಿ ಹಾಕುವವಳು ಕೇಳಿದಳು, "ಏನಕ್ಕ, ಒಂದೂ ಸಿಕ್ತಿಲ್ವಾ?"

"ಹುಡುಕ್ತಾ ಇದೀನಿ ಕಣೇ. ಕಣ್ಣು ಸೀದಾ ತಪ್ಪಿನ ಹತ್ರಾನೇ ಹೋಗಿ ನಿಲ್ಲುತ್ತೆ. ಸರಿ ಇರೋದರ ಮೇಲೆ ನಿಲ್ಲೋದೇ ಇಲ್ಲ."

ಇದನ್ನು ಕೇಳಿ ನಾವು ಡಬ್ಬಿ ಮುಚ್ಚಳದ ಮರೆಯಲ್ಲಿ ಕಿಸಕ್ಕನೆ ನಕ್ಕೆವು. ನಗಬಾರದಿತ್ತು ಅಂತ ಈಗ ಅನ್ನಿಸುತ್ತದೆ.

ಐದನೇ ದಿನ ತೆಳು ಬಟ್ಟೆಯ ಬಿಳಿ ಶರ್ಟುಗಳು ಲೈನಿಗೆ ಬಂದಿದ್ದವು. ಅವುಗಳಲ್ಲಿ ಒಂದನ್ನು ಆರಿಸಿ, ಕೊಳ್ಳುವವರಿಗೆ ಮಾದರಿಯೆಂದು ಸಂಜೆ ಐದರ ಗಾಡಿಗೆ ಕಳಿಸಬೇಕಿತ್ತು. ಆರಿಸುವ ಕೆಲಸ ಬಾಣದಕ್ಕನದೇ. ಮೂರೂವರೆಯ ಹೊತ್ತಿಗೆ ಪೀಸು ಹಂಚುವ ಹೆಂಗಸು ನನ್ನ ಬುಟ್ಟಿಗೆ ಒಂದು ಶರ್ಟು ಹಾಕಿ ಹೋದಳು. ಎಡ ಕಾಲರಿನ ತುದಿಯಲ್ಲಿ ಕೆಂಪು ಬಾಣ.

ಕಾಲರನ್ನು ಬೆಳಕಿಗೆ ಹಿಡಿದು ನೋಡಿದೆ. ತುದಿ ಚೂಪಾಗಿತ್ತು, ಹೊಲಿಗೆ ಅಂಚಿನಿಂದ ಒಂದೇ ಅಳತೆಯಲ್ಲಿ ಓಡಿತ್ತು. ತಿರುಗಿಸಿ ನೋಡಿದೆ, ಬಲ ತುದಿಯ ಪಕ್ಕಕ್ಕೆ ಇಟ್ಟು ನೋಡಿದೆ. ಎರಡೂ ಅವಳಿಜವಳಿ. ಎಷ್ಟು ನೋಡಿದರೂ ತಪ್ಪು ಕಾಣಲಿಲ್ಲ. ಆದರೆ ಬಾಣ ಇದೆಯಲ್ಲ! ಬಾಣದಕ್ಕನ ಬಾಣ ಇದೆ ಅಂದ ಮೇಲೆ ತಪ್ಪು ಇರಲೇಬೇಕು, ನನ್ನ ಕುರುಡು ಕಣ್ಣಿಗೆ ಕಾಣುತ್ತಿಲ್ಲ ಅಷ್ಟೇ ಅಂದುಕೊಂಡೆ. ಕತ್ತರಿಯ ಮೊನೆ ಹಾಕಿ ಹೊಲಿಗೆ ಬಿಚ್ಚಿದೆ. ಬಿಚ್ಚಿ ಮತ್ತೆ ಹೊಲಿದೆ. ತೆಳು ಬಟ್ಟೆಯಲ್ಲಿ ಹಳೆಯ ಸೂಜಿಯ ತೂತುಗಳು ಸಾಲಾಗಿ ಎದ್ದು ಕಂಡವು. ಮತ್ತೊಮ್ಮೆ ಬಿಚ್ಚಿದೆ. ಮೂರನೇ ಸಲಕ್ಕೆ ತುದಿ ಸುಕ್ಕುಗಟ್ಟಿತು.

ನಾಲ್ಕೂಕಾಲಿಗೆ ಸೂಪರ್‌ವೈಸರ್ ಬಂದ. ಘಳಿಗೆಗೊಮ್ಮೆ ಕೈಗಡಿಯಾರ ನೋಡುವ ಈ ಮನುಷ್ಯನನ್ನು ನಾವು ಗಡಿಯಾರ ಎಂದೇ ಕರೆಯುತ್ತಿದ್ದೆವು. "ಮಾದರಿ ಶರ್ಟು ನಿನ್ನ ಹತ್ರ ಬಂತಂತೆ, ಎಲ್ಲಿ?" ಎಂದ. ಅದು ಮಾದರಿಗೆಂದು ಆರಿಸಿದ ಶರ್ಟು ಎನ್ನುವುದು ನನಗೆ ಗೊತ್ತಾಗಿದ್ದೇ ಆವಾಗ. ಎತ್ತಿ ತೋರಿಸಿದೆ. ನೋಡಿದವನೇ ಜೇಬಿನಿಂದ ಚೀಟಿಯ ಪುಸ್ತಕ ತೆಗೆದ. "ಮೂರನೇದು. ಇನ್ನು ನಾನೂ ಏನೂ ಮಾಡಕ್ಕಾಗಲ್ಲ."

ಲೈನಿನ ಮೂವತ್ತು ಮಷೀನುಗಳೂ ನಿಂತಹಾಗಾಯಿತು. ಅಮ್ಮನಿಗೆ ಏನು ಹೇಳುವುದು ಎನ್ನುವುದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಆಗ ಬಿಳಿ ಮೇಜಿನ ಕಡೆಯಿಂದ ಬಾಣದಕ್ಕ ನಡೆದು ಬಂದರು. ಕೆಲಸದ ಹೊತ್ತಿನಲ್ಲಿ ಅವರು ಮೇಜು ಬಿಟ್ಟಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಶರ್ಟನ್ನು ಕೈಗೆ ತೆಗೆದುಕೊಂಡು ಕಾಲರನ್ನು ನೋಡಿದರು. ಅವರ ಮುಖ ಬಿಳಿಚಿಕೊಂಡಿತು.

"ಚೀಟಿ ಬರೀಬೇಡಿ. ತಪ್ಪು ನಂದು. ಈ ಕಾಲರ್ ಚೆನ್ನಾಗಿತ್ತು. ಚೆನ್ನಾಗಿದೆ ಅಂತ ಬಾಣ ಹಚ್ಚಿದ್ದೆ."

ಗಡಿಯಾರ ಗಹಗಹಿಸಿ ನಕ್ಕ. "ಚೆನ್ನಾಗಿರೋದಕ್ಕೆ ನೀವು ಬಾಣ ಹಚ್ಚಿದ್ರಾ? ಯಾರ ಕಿವಿಗೆ ಹೂ ಇಡ್ತೀರಕ್ಕ? ಈ ಹುಡುಗೀನ ಉಳಿಸಕ್ಕೆ ಹೀಗೆ ಹೇಳ್ತಿದ್ದೀರಿ ಅಷ್ಟೇ."

"ಇಪ್ಪತ್ತೆರಡು ವರ್ಷದಲ್ಲಿ ನಾನು ಯಾರನ್ನಾದ್ರೂ ಉಳಿಸಿದ್ದು ನೋಡಿದ್ದೀರಾ?"

ಅವನ ಪೆನ್ನು ಚೀಟಿಯ ಮೇಲೆಯೇ ನಿಂತಿತು. ಬಾಣದಕ್ಕ ಮುಂದುವರಿಸಿದರು. "ಕಾರಣರಾದವರಿಗೆ ತಿಳಿಸಬೇಕು ಅಂತ ಆ ಪುಸ್ತಕ ಕೊಟ್ಟವರು ಹೇಳಿದ್ರಲ್ಲ. ಎದ್ದು ಬಂದು ಬಾಯಲ್ಲಿ ಹೇಳಕ್ಕೆ ನಾಚಿಕೆ ಆಯ್ತು. ಬಾಣ ನೋಡಿ ಅರ್ಥ ಮಾಡ್ಕೊಂಡು ವಾಪಸ್ ತರ್ತಾಳೆ ಅಂದುಕೊಂಡೆ. ಬರ್ಕೊಳ್ಳಿ. ತಪ್ಪು ಬಾಣ, ಒಂದು. ನನ್ನ ಹೆಸರಿಗೆ."

ತಪ್ಪು ಬಾಣ ಎಂದರೆ ಸರಿಯಿದ್ದ ಶರ್ಟಿಗೆ ಅಂಟಿದ ಬಾಣ. ಪರೀಕ್ಷೆ ಮಾಡುವವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಒಂದೂ ತಪ್ಪು ಬಾಣವಿಲ್ಲದ ಇಪ್ಪತ್ತೆರಡು ವರ್ಷ ಎಂದು ಬರೆದು, ನೋಟಿಸ್ ಬೋರ್ಡಿನಲ್ಲಿ ಅವರ ಫೋಟೋ ಹಾಕಿದ್ದರು. ಅವರ ಗಂಡ ಒಮ್ಮೆ ಒಳಗೆ ಬಂದು ಅದನ್ನು ನೋಡಿ ಹೋಗಿದ್ದರಂತೆ. ಮರುದಿನ ಆ ಫೋಟೋ ಇಳಿಯಿತು. ಬೋರ್ಡಿನಲ್ಲಿ ನಾಲ್ಕು ಪಿನ್ನಿನ ತೂತು ಉಳಿದವು. ನನ್ನ ಮೂರನೇ ಚೀಟಿ ಬರೆಯದೆಯೇ ಹೋಯಿತು.

ಆ ಸಂಜೆ ಮೆಟ್ಟಿಲಿಳಿಯುವಾಗ ಬಾಣದಕ್ಕ ನನ್ನನ್ನು ತಡೆದು ನಿಲ್ಲಿಸಿದರು.

"ಯಾಕೆ ಬಿಚ್ಚಿದೆ? ಚೆನ್ನಾಗಿತ್ತಲ್ಲ."

"ನೀವು ಬಾಣ ಹಚ್ಚಿದ್ರಲ್ಲ ಅಕ್ಕ."

"ನಿನ್ನ ಕಣ್ಣಿಗೆ ಏನು ಕಾಣ್ತು?"

"ಚೆನ್ನಾಗೇ ಕಾಣ್ತು."

"ಮತ್ತೆ?"

ನಾನು ಮೆಟ್ಟಿಲಿನ ಕಂಬಿಯ ತುಕ್ಕನ್ನು ಉಗುರಿನಿಂದ ಕೆರೆದೆ. ಅವರು "ಇದನ್ನೇ ಕಣೇ ನಾನು ಇಷ್ಟು ವರ್ಷ ನಿಮಗೆಲ್ಲ ಕಲಿಸಿದ್ದು" ಎಂದು ಇಳಿದು ಹೋದರು. ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಮೆಟ್ಟಿಲ ಮೇಲೆಯೇ ಕರಗಿತು. ಅವರಿಗೆ ಒಂದು ಧನ್ಯವಾದ ಹೇಳಬೇಕು ಅಂತ ಕೂಡ ನನಗೆ ಹೊಳೆಯಲಿಲ್ಲ. ಗಾಳಿಗೆ, ಬೆಳಕಿಗೆ, ಕೆಟ್ಟ ಫ್ಯಾನಿಗೆ ಹೇಳಿದವಳು ನಾನು.

ಮಾರನೇ ದಿನ ಚಹಾ ಮುಗಿದ ಮೇಲೆ ಬಾಣದಕ್ಕ ಎದ್ದು ತೋಳು ಹೊಲಿಯುವವಳ ಹತ್ತಿರ ಹೋದರು. ಅವಳು ಹೆದರಿ ಮಷೀನು ನಿಲ್ಲಿಸಿದಳು. ಹಲ್ಲುನೋವು ಬಂದವರ ಹಾಗೆ ಮುಖ ಮಾಡಿಕೊಂಡು, "ಬೆಳಿಗ್ಗೆ ಹೊಲಿದ ತೋಳು ನೀಟಾಗಿ ಕೂತಿದೆ. ನೋಡಿ ಖುಷಿ ಆಯ್ತು" ಎಂದು ಹೇಳಿ, ಬಂದಷ್ಟೇ ವೇಗವಾಗಿ ವಾಪಸಾದರು. ಅಂದಿನಿಂದ ಅದೊಂದು ವ್ರತದ ಹಾಗೆ ನಡೆಯಿತು. ದಿನಕ್ಕೆ ಒಂದೇ. ಎರಡು ಹೇಳಿದರೆ ಸುಳ್ಳು ಬೆರೆಯುತ್ತದೆ ಎನ್ನುತ್ತಿದ್ದರು. ಬಾಣಗಳು ಮಾತ್ರ ಒಂದೂ ಕಡಿಮೆಯಾಗಲಿಲ್ಲ. ತಪ್ಪು ತಪ್ಪೇ.

ತಿಂಗಳ ಕೊನೆಗೆ ನೀಲಿ ಪುಸ್ತಕಗಳನ್ನು ನೋಡಿದ ತರಬೇತಿಯವರು ಬಾಣದಕ್ಕನದನ್ನು ತಿರುಗಿ ಕೊಟ್ಟುಬಿಟ್ಟರು. 'ಒಂಬತ್ತನೇ ಮಷೀನು, ಬಲ ಕಫ್.' 'ಇಪ್ಪತ್ತೊಂದು, ಜೇಬಿನ ಮೂಲೆ.' ದಿನಕ್ಕೊಂದು ಸಾಲು, ಬರೀ ಇಷ್ಟೇ. "ಇದು ಕಾರ್ಖಾನೆಯ ಲೆಕ್ಕದ ಹಾಗಿದೆಯಲ್ಲಮ್ಮ, ಇದರಲ್ಲಿ ಕೃತಜ್ಞತೆ ಎಲ್ಲಿದೆ?" ಎಂದರಂತೆ. ಬಹುಮಾನ ಬಂದದ್ದು ಸೂರ್ಯಚಂದ್ರರಿಗೆ ಧನ್ಯವಾದ ಬರೆದ ಗಡಿಯಾರನಿಗೆ.

ಗೇಟಿನಲ್ಲಿ ಅವರ ಗಂಡ ಸಿಕ್ಕಾಗ ತಲೆ ಕೆರೆದುಕೊಳ್ಳುತ್ತ ನನ್ನ ಹತ್ತಿರ ಹೇಳಿಕೊಂಡರು. "ಇವಳಿಗೆ ಏನಾಗಿದೆಯಮ್ಮ? ಮೊನ್ನೆ ಬಂದು, ಬಕೆಟ್ ತುಂಬಿದ ತಕ್ಷಣ ನೀವು ನಲ್ಲಿ ನಿಲ್ಲಿಸ್ತೀರಿ, ಅದು ನಂಗೆ ಇಷ್ಟ ಅಂದ್ಳು. ಮೂವತ್ತು ವರ್ಷದಿಂದ ನಿಲ್ಲಿಸ್ತಿದ್ದೀನಿ! ಡಾಕ್ಟರಿಗೆ ತೋರಿಸ್ಬೇಕೇನೋ ಅಂದುಕೊಂಡೆ." ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು.

ಹೀಗೆ ಎರಡು ವರ್ಷ ಕಳೆಯಿತು. ಲೈನಿನಲ್ಲಿ ಎಲ್ಲರ ಸರದಿಯೂ ಹತ್ತಾರು ಸಲ ಬಂತು. ಹದಿನಾಲ್ಕನೇ ಮಷೀನಿನ ಹತ್ತಿರ ಮಾತ್ರ ಬಾಣದಕ್ಕ ಒಂದು ದಿನವೂ ಬಂದು ನಿಲ್ಲಲಿಲ್ಲ. ಮೊದಮೊದಲು ನನಗೇನಂತೆ ಎಂದುಕೊಂಡೆ. ಸುಳ್ಳು. ಚಹಾ ಮುಗಿದ ಕೂಡಲೇ ನನ್ನ ಬೆನ್ನು ನೆಟ್ಟಗಾಗುತ್ತಿತ್ತು, ಅವರ ಚಪ್ಪಲಿಯ ಸದ್ದು ಪಕ್ಕದಲ್ಲಿ ಹಾದುಹೋದಾಗ ಮತ್ತೆ ಬಾಗುತ್ತಿತ್ತು. ನನ್ನಿಂದ ಫೋಟೋ ಇಳಿಯಿತು, ಆ ಸಿಟ್ಟು ಇರಬೇಕು ಅಂದುಕೊಂಡೆ. ಮನೆಯಲ್ಲಿ ತಂಗಿ "ಅಕ್ಕ, ಈ ಬಣ್ಣ ನಿನಗೆ ಚೆನ್ನಾಗಿ ಒಪ್ಪುತ್ತೆ" ಎಂದರೂ "ಯಾಕೆ, ನಿನ್ನೆದು ಕೆಟ್ಟದಾಗಿತ್ತಾ?" ಎಂದು ಅವಳ ಮೇಲೆ ಹಾರುತ್ತಿದ್ದೆ.

ಬಾಣದಕ್ಕನ ಕೆಲಸದ ಕೊನೆಯ ದಿನವೂ ಬಂತು. ಅವತ್ತು ಚಹಾ ಮುಗಿದ ಮೇಲೆ ಅವರು ಹೋಗಿದ್ದು ಗುಂಡಿ ಹಾಕುವವಳ ಹತ್ತಿರ. ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಲೈನು ನಿಂತು ಎಲ್ಲರೂ ಚೀಲ ಹಿಡಿದು ಹೊರಟಾಗ ನೇರ ಬಿಳಿ ಮೇಜಿನ ಮುಂದೆ ಹೋಗಿ ನಿಂತೆ. ಅವರು ಅವತ್ತಿನ ಕೊನೆಯ ಶರ್ಟನ್ನು ನೋಡುತ್ತಿದ್ದರು.

"ಎರಡು ವರ್ಷ ಎಲ್ಲರ ಹತ್ರ ಹೋದ್ರಿ. ನನ್ನ ಹತ್ರ ಒಂದೇ ಒಂದಿನ ಬರ್ಲಿಲ್ಲ. ನಾನು ಮಾಡಿದ್ದೇನಕ್ಕ ಅಂಥಾದ್ದು?"

ಅವರು ಕತ್ತೆತ್ತಿ ನೋಡಿದರು.

"ನಿನಗೆ ಹೇಳಕ್ಕೆ ಧೈರ್ಯ ಬರ್ಲಿಲ್ಲ ಕಣೇ. ಎಷ್ಟೋ ದಿನ ಅರ್ಧ ದಾರಿ ಬಂದಿದೀನಿ. ಒಂದು ಸಲ ಚೆನ್ನಾಗಿದೆ ಅಂದಿದ್ದಕ್ಕೆ ಕೂತು ಬಿಚ್ಚಿಬಿಟ್ಟೆಯಲ್ಲ."

ಅವರು ಮೇಜಿನ ಮೇಲಿದ್ದ ಶರ್ಟನ್ನು ನನ್ನ ಕಡೆ ತಿರುಗಿಸಿದರು. ಕಾಲರ್ ನಾನು ಹೊಲಿದದ್ದೇ.

"ಕಾಲರ್ ಚೆನ್ನಾಗಿದೆ."

ನನ್ನ ನಾಲಿಗೆಯ ತುದಿಗೆ ಅಭ್ಯಾಸದ ಮಾತು ಬಂದೇಬಿಟ್ಟಿತ್ತು. ಅಯ್ಯೋ ಬಿಡಿ ಅಕ್ಕ, ಎಡಗಡೆ ಇನ್ನೂ ಸ್ವಲ್ಪ ಬರಬೇಕಿತ್ತು. ಅದನ್ನು ನುಂಗಿಕೊಂಡೆ. ಕಾಲರನ್ನು ನೋಡಿದೆ, ನನ್ನ ಕಣ್ಣಿನಿಂದಲೇ ನೋಡಿದೆ.

"ಹೌದಕ್ಕ. ಚೆನ್ನಾಗಿ ಬಂದಿದೆ" ಎಂದೆ. ಆಮೇಲೆ, ಎರಡು ವರ್ಷ ತಡವಾಗಿ, "ಅವತ್ತು ನನ್ನ ಕೆಲಸ ಉಳಿಸಿದ್ರಿ. ನಿಮ್ಮಿಂದ ನಮ್ಮನೆ ನಡೀತು" ಎಂದೂ ಹೇಳಿದೆ.

ಬಾಣದಕ್ಕ ತಲೆಯಾಡಿಸಿದರು. ಕಾಲರಿನ ಮೇಲೆ ಬೆರಳನ್ನು ಒಮ್ಮೆ ಓಡಿಸಿ, ಶರ್ಟನ್ನು ಬಲಗೈ ರಾಶಿಗೆ ಸರಿಸಿದರು.